ಮಾರಿ ಉರಿತೈತಂತ ಟ್ಯೂಬ್ ಹಚ್ಚಬ್ಯಾಡ್ರಪ್ಪೋ!

ಬ್ಲಾಗ್ ಕಡೆ ತಲೆ ಹಾಕದೆ ಬಹಳ ದಿನ ಆಗಿತ್ತು. ಆಫೀಸು, ರಿಲೀಸು, ಸೋಮಾರಿತನ... ಅವೇ ಹಳೇ ನೆಪಗಳು. ಇವತ್ತು ಬರೀತಿರೋದು ಸಿಟ್ಟಿನಿಂದ. ವಿಷಯ ಏನು ಅಂದ್ರೆ ನಗ್ತೀರಿ. ದಾಡಿ! ಗಂಡಸರು ಗಡ್ಡ ಬೋಳಿಸಿಕೊಳ್ಳೋದು, ಆಮೇಲೆ ಮುಖ ಉರಿಯೋದು. ನಗೋದಿದ್ರೆ ಈಗಲೇ ನಕ್ಕು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ಹೋದ ತಿಂಗಳು ಮುಂಡರಗಿಗೆ ಹೋಗಿದ್ದೆ. ನಮ್ಮ ಕಾಕಾನ ಮಗನ ನಿಶ್ಚಯ. ಇಪ್ಪತ್ನಾಲ್ಕರ ಹುಡುಗ, ನೋಡೋಕೆ ಲಕ್ಷಣವಾಗಿದ್ದವನು. ಬಾಗಿಲಲ್ಲೇ ಸಿಕ್ಕ, ಗುರುತೇ ಸಿಗಲಿಲ್ಲ. ಗಲ್ಲ, ಕುತ್ತಿಗೆ ಎರಡೂ ಸುಟ್ಟ ಹಾಗೆ ಕೆಂಪಗೆ. ಮೂಗಿನ ಪಕ್ಕ ಸಣ್ಣ ಸಣ್ಣ ಕೆಂಪು ನರದ ಗೆರೆಗಳು. ಗದ್ದದ ಮೇಲೆ ಗುಳ್ಳೆಯೋ ಗುಳ್ಳೆ.

"ಏನೋ ಇದು, ಮಾರಿ ಹಿಂಗ್ಯಾಕಾಗೇತಿ?"

"ದಾಡಿ ಮಾಡ್ಕೊಂಡ್ರ ಉರೀತಿತ್ತಣ್ಣ. ಮೆಡಿಕಲ್‌ನ್ಯಾಗ ಕೇಳಿದೆ, ಟ್ಯೂಬ್ ಕೊಟ್ರು. ಎರಡ ದಿನದಾಗ ಕಡಿಮಿ ಆತು."

"ಯಾವಾಗ ಕೊಟ್ಟಿದ್ದು?"

"ಹೋದ ದೀಪಾವಳಿಗೆ."

"ಮತ್ತ ಈಗ?"

"ಈಗೂ ಹಚ್ತೀನಿ. ಒಂದಿನ ಬಿಟ್ರ ಬೆಂಕಿ ಹಚ್ಚಿದಂಗ ಆಗ್ತೈತಿ."

ಎಂಟು ತಿಂಗಳು! ದಿನಾ ಎರಡು ಹೊತ್ತು! ಟ್ಯೂಬ್ ತರಿಸಿ ನೋಡಿದೆ. ಕ್ಲೋಬೆಟಾಸಾಲ್, ಅದರ ಜೊತೆ ನಿಯೋಮೈಸಿನ್, ಅದರ ಜೊತೆ ಮೈಕೊನಜೋಲ್. ಒಂದು ಸ್ಟೀರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರದ ಔಷಧಿ. ಯಾವ ಕಾಯಿಲೆ ಅಂತ ಗೊತ್ತಿಲ್ಲದಿದ್ದಾಗ ಎಲ್ಲದಕ್ಕೂ ಒಂದೊಂದು ಕಲ್ಲು ಬೀಸೋ ಲೆಕ್ಕ. ಕೆಳಗೆ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಎಚ್ಚರಿಕೆ. ನಮ್ಮ ಹುಡುಗ ಅದನ್ನ ಓದಿಲ್ಲ, ಕೊಟ್ಟವನು ಓದಿಯೂ ಕೊಟ್ಟಿದ್ದಾನೆ.

ನೀವು ಪಿಯುಸಿ ಸೈನ್ಸ್ ಆಗಿದ್ರೂ ಇದು ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಕ್ಲೋಬೆಟಾಸಾಲ್ ಅತ್ಯಂತ ಪ್ರಬಲ ಗುಂಪಿಗೆ ಸೇರಿದ್ದು. ಅಂಗೈ, ಅಂಗಾಲು, ಮೊಣಕೈ ಇಂಥ ದಪ್ಪ ಚರ್ಮದ ಮೇಲೆ ಸೋರಿಯಾಸಿಸ್ ತರಹದ ಹಟಮಾರಿ ಕಾಯಿಲೆ ಬಂದಾಗ, ಡಾಕ್ಟರು ನೋಡಿ, ಸಾಮಾನ್ಯವಾಗಿ ಎರಡು ವಾರ ಮೀರದಂತೆ ಕೊಡೋ ಔಷಧಿ. ಮುಖದ ಚರ್ಮ ಎಷ್ಟು ತೆಳ್ಳಗೆ ಅಂತ ನಿಮಗೇ ಗೊತ್ತು. ಅಲ್ಲಿಗೆ ಇದನ್ನ ಹಚ್ಚಿದ್ರೆ ಮೊದಲ ಎರಡು ದಿನ ಪವಾಡ ನಡೆಯುತ್ತೆ. ರಕ್ತನಾಳ ಕುಗ್ಗುತ್ತೆ, ಕೆಂಪು ಇಳಿಯುತ್ತೆ, ತುರಿಕೆ ಮಾಯ. "ಭಾರಿ ಟ್ಯೂಬ್ ಐತಿ ಬಿಡು" ಅಂತ ಗೆಳೆಯನಿಗೂ ಹೇಳ್ತೀವಿ. ವಾರಗಳು ಕಳೆದ ಹಾಗೆ ಚರ್ಮ ತೆಳುವಾಗುತ್ತೆ, ಒಳಗಿನ ನರ ಕಾಣೋಕೆ ಶುರುವಾಗುತ್ತೆ, ಮೊಡವೆ ಏಳುತ್ತೆ, ಒಬ್ಬೊಬ್ಬರಿಗೆ ಬಣ್ಣವೇ ಬಿಳಚಿಕೊಳ್ಳುತ್ತೆ. ಅಲ್ಲಿ ಹುಳಕಡ್ಡಿ ಇದ್ದರಂತೂ ಅದರ ರೂಪ ಬದಲಾಗಿ ಡಾಕ್ಟರಿಗೂ ಗುರುತು ಸಿಗದ ಹಾಗೆ ಹರಡುತ್ತೆ. ಬಿಟ್ಟರೆ ಉರಿ. ಉರಿ ಅಂತ ಮತ್ತೆ ಹಚ್ಚೋದು. ಸೆರೆ ಬಿಡದವನ ಕಥೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಇದು ಮುಂಡರಗಿಯ ಒಬ್ಬ ಹುಡುಗನ ಗ್ರಹಚಾರ ಅಂತ ಸುಮ್ಮನಾಗೋ ಹಾಗಿದ್ರೆ ನಾನು ಬರೀತಾ ಇರಲಿಲ್ಲ. ನಮ್ಮ ದೇಶದ ಚರ್ಮವೈದ್ಯರು ಈ ಸ್ಥಿತಿಗೆ 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಅಂತ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ, ಅಷ್ಟು ಜನ ಬರ್ತಾರೆ. ದೇಶದ ಹಲವು ಚರ್ಮರೋಗ ಕೇಂದ್ರಗಳು ಸೇರಿ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ತೊಂದರೆ ಅಂತ ಬಂದ 2926 ಜನರನ್ನ ನೋಡಿದರು. 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಅಡ್ಡಪರಿಣಾಮ ಆಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನ ಹಚ್ಚು ಅಂತ ಹೇಳಿದವರು ಡಾಕ್ಟರೇ ಅಲ್ಲ. ಮತ್ಯಾರು? ನಾವು ನೀವೇ. ಅಂಗಡಿಯವರು, ಗೆಳೆಯರು, ಪಕ್ಕದ ಮನೆ ಅಕ್ಕ.

2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಹಚ್ಚುವ ಸ್ಟೀರಾಯ್ಡ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದ್ರೆ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕಾಯ್ದೆ ಬಂತು ಸರಿ. ನಮ್ಮ ಹುಡುಗ ಎಂಟು ತಿಂಗಳಲ್ಲಿ ಎಷ್ಟು ಟ್ಯೂಬ್ ಖಾಲಿ ಮಾಡಿದನೋ, ಒಂದು ಸಲವೂ ಯಾರೂ ಚೀಟಿ ಕೇಳಿಲ್ಲ.

ಊಟಕ್ಕೆ ಕೂತಾಗ ಇದನ್ನೇ ಎತ್ತಿದೆ. ಶಿರಹಟ್ಟಿಯ ಮಾಮಾ ಇದ್ರು, ಮೇಷ್ಟ್ರು. "ಎಲ್ಲಾದಕ್ಕೂ ಡಾಕ್ಟರ್ ಡಾಕ್ಟರ್ ಅಂದ್ರ ಹೆಂಗ? ನಾ ಹಚ್ತೀನಿ, ನನಗೇನಾಗೇತಿ?" ಅಂದ್ರು. ಈ ವಾದಕ್ಕೆ ಉತ್ತರ ಕೊಡಲೇಬೇಕು, ಯಾಕಂದ್ರೆ ನಮ್ಮ ಆಫೀಸಿನಲ್ಲಿ ಎಂಟೆಕ್ ಮಾಡಿದವನೂ ಇದನ್ನೇ ಹೇಳ್ತಾನೆ. ಮಾಮಾ, ನೀವು ವರ್ಷಕ್ಕೊಮ್ಮೆ ಕಾಲಿಗೆ ಹಚ್ಚೋದು ಬೇರೆ, ಹುಡುಗ ದಿನಾ ಮುಖಕ್ಕೆ ಹಚ್ಚೋದು ಬೇರೆ. ಸ್ಟೀರಾಯ್ಡ್ ಅಂದ್ರೆ ವಿಷ ಅಂತಲೂ ನಾನು ಹೇಳ್ತಿಲ್ಲ. ದಾಡಿಯ ಉರಿ ಜೋರಾಗಿದ್ರೆ ಚರ್ಮದ ಡಾಕ್ಟರು ತಾವೇ ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಕೆಲವೇ ದಿನಕ್ಕೆ ಬರೆದು ಕೊಡೋದುಂಟು. ಯಾವುದು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಅನ್ನೋದು ಅವರಿಗೆ ಗೊತ್ತು. ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತ ಹುಡುಗನಿಗೆ ಗೊತ್ತಿಲ್ಲ.

ಸರಿ, ಟ್ಯೂಬಿನ ಕಥೆ ಒಂದು ಕಡೆ. ಟ್ಯೂಬಿನ ತನಕ ಹೋಗೋ ಹಾಗೆ ಮುಖ ಉರಿದದ್ದಾದರೂ ಯಾಕೆ? ಇಲ್ಲೇ ನನಗೆ ಇನ್ನೂ ಹೆಚ್ಚು ಸಿಟ್ಟು. ನಾವು ಬೈಯೋದು ಮುಖವನ್ನ. "ನಂದು ಸೆನ್ಸಿಟಿವ್ ಸ್ಕಿನ್ನು" ಅಂತೀವಿ. ಹತ್ತರಲ್ಲಿ ಎಂಟು ಸಲ ಸ್ಕಿನ್ನಿನ ತಪ್ಪೇನೂ ಇರಲ್ಲ (ಇದು ಅಧ್ಯಯನ ಅಲ್ಲ, ನನ್ನ ಅಂದಾಜು :-)).

ಮರುದಿನ ಬೆಳಿಗ್ಗೆ ಅವನು ದಾಡಿ ಮಾಡ್ಕೊಳ್ಳೋದನ್ನ ಪಕ್ಕದಲ್ಲಿ ಕೂತು ನೋಡಿದೆ. ಹಿತ್ತಲ ಕಟ್ಟೆ ಮೇಲೆ ಕನ್ನಡಿ, ಒಂದು ತಂಬಿಗೆ ಬೋರಿನ ತಣ್ಣೀರು. ಮೈಸೋಪು ಗಲ್ಲಕ್ಕೆ ನಾಲ್ಕು ಸಲ ಉಜ್ಜಿದ. ನೊರೆ ಬರಲಿಲ್ಲ, ಬಿಳಿ ಗಸಿ ಬಂತು. ಯಾವತ್ತಿನದೋ ರೇಜರ್. ಕೆಳಗಿಂದ ಮೇಲಕ್ಕೆ ಕರ್ ಕರ್ ಅಂತ ಎಳೆದ. ಒಂದೂವರೆ ನಿಮಿಷ, ದಾಡಿ ಮುಗೀತು. ಕೊನೆಗೆ ಘಮಘಮ ಅನ್ನೋ ಲೋಷನ್ ಅಂಗೈಗೆ ಸುರಿದು ಚಟ್ ಚಟ್ ಅಂತ ಬಡಿದುಕೊಂಡ. ಕಣ್ಣಲ್ಲಿ ನೀರು ಬಂತು. "ಉರಿದ್ರ ಕೆಲಸ ಮಾಡ್ತೈತಿ ಅಂತ ಅರ್ಥ" ಅಂತ ನನಗೇ ಪಾಠ ಬೇರೆ ಹೇಳಿದ!

ಮೊದಲು ನೀರಿನ ವಿಷಯ. ಗದಗ ಜಿಲ್ಲೆಯವರಿಗೆ ನೀರಿನ ಬಗ್ಗೆ ಹೇಳಬೇಕಾ? ಗದಗ-ಬೆಟಗೇರಿಯಲ್ಲಿ ನಳಕ್ಕೆ ತುಂಗಭದ್ರೆ ಬರೋ ದಿನವನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬೆಳೆದವನು ನಾನು. ಉಳಿದ ದಿನವೆಲ್ಲಾ ಬೋರ್‌ವೆಲ್. ಮುಂಡರಗಿ ಕಡೆಯ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು, ಹಲ್ಲು ಮೂಳೆ ಕೆಡಿಸುತ್ತೆ ಅಂತ ಎಲ್ಲರಿಗೂ ಗೊತ್ತು. ಆದ್ರೆ ದಾಡಿಗೆ ತೊಂದರೆ ಕೊಡೋದು ಫ್ಲೋರೈಡ್ ಅಲ್ಲ, ನೀರಿನ ಗಡಸು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಗಸಿ ಆಗುತ್ತೆ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತಲ್ಲ, ಅದೇ. ಬ್ಲೇಡು ಜಾರೋಕೆ ಬೇಕಾದ ನೊರೆ ಇಲ್ಲ, ಬದಲಿಗೆ ಚರ್ಮಕ್ಕೆ ಅಂಟಿಕೊಂಡ ಗಸಿ. ಸಾಲದ್ದಕ್ಕೆ ಮೈಸೋಪು ಕ್ಷಾರ, ಚರ್ಮ ಸ್ವಲ್ಪ ಆಮ್ಲೀಯ. ಇಬ್ಬರಿಗೂ ಮೊದಲೇ ಆಗಿಬರಲ್ಲ.

ಇದಕ್ಕೆ ಪರಿಹಾರ ಎರಡು ರೂಪಾಯಿ ಖರ್ಚಿಲ್ಲದ್ದು. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಮ್ಮ ಗದಗಿನವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದಾಗ ರಾಜ್ಯದ ತುಂಬ ಹಾಕಿಸಿದ್ದು. ನಾಣ್ಯ ಹಾಕಿ ಕ್ಯಾನ್ ತುಂಬಿಸಿ ತರ್ತೀರಲ್ಲ, ಅದರಲ್ಲಿ ಒಂದು ತಂಬಿಗೆ ದಾಡಿಗೆ ಇಡಿ. ಘಟಕ ಕೆಟ್ಟು ನಿಂತಿದ್ರೆ (ನಿಂತಿರುತ್ತೆ, ಗೊತ್ತು) ಬೋರಿನ ನೀರನ್ನೇ ಕುದಿಸಿ, ಗಸಿ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಗಡಸು ಪೂರ್ತಿ ಹೋಗಲ್ಲ, ಒಂದಿಷ್ಟು ಇಳಿಯುತ್ತೆ. ಮಳೆ ನೀರು ಹಿಡಿಯೋ ಮನೆಯವರಂತೂ ಪುಣ್ಯವಂತರು.

ಇನ್ನು ರೇಜರ್. 1971ರಲ್ಲಿ ಎರಡು ಬ್ಲೇಡು ಬಂತು, 1998ರಲ್ಲಿ ಮೂರು, 2006ರಲ್ಲಿ ಐದು. ಮೊಬೈಲಿನ ಕ್ಯಾಮೆರಾ ಥರ, ಎಣಿಕೆ ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋ ನಂಬಿಕೆ. ಮೊದಲ ಬ್ಲೇಡು ಕೂದಲನ್ನ ಎತ್ತುತ್ತೆ, ಹಿಂದಿನದು ಕತ್ತರಿಸುತ್ತೆ, ಕತ್ತರಿಸಿದ ತುದಿ ಚರ್ಮದ ಒಳಗೆ ಸರಿಯುತ್ತೆ. ಜಾಹೀರಾತಿನ ನುಣುಪು ಅಂದ್ರೆ ಇದೇ. ನೇರ ಕೂದಲಿನವರಿಗೆ ನಡೆಯಬಹುದು. ಗಡ್ಡ ಗುಂಗುರಾಗಿದ್ರೆ ಆ ಚೂಪು ತುದಿ ಹೊರಗೆ ಬರೋ ಬದಲು ಒಳಗೇ ಬಾಗಿ ಚುಚ್ಚುತ್ತೆ. ಕುತ್ತಿಗೆ ಮೇಲಿನ ಆ ಕೆಂಪು ಗುಳ್ಳೆಗಳು ಎಷ್ಟೋ ಸಲ ಮೊಡವೆಯೂ ಅಲ್ಲ, ಸೋಂಕೂ ಅಲ್ಲ. ನಮ್ಮದೇ ಕೂದಲು ನಮ್ಮನ್ನೇ ತಿವೀತಿರೋದು! ಅದಕ್ಕೆ ಪಿನ್ನು ಹಾಕಿ ಕೆದಕ್ತೀವಿ, ಆಮೇಲೆ ನಿಜವಾಗಿಯೂ ಸೋಂಕು ಆಗುತ್ತೆ.

ರೇಜರ್ ಮಾಡೋರಿಗೂ ನಮ್ಮ ತಂಬಿಗೆಯ ಕಥೆ ತಡವಾಗಿ ತಿಳಿದದ್ದು. ಸಾಫ್ಟ್‌ವೇರ್ ಮಂದಿ ಕಿವಿಗೊಟ್ಟು ಕೇಳಬೇಕಾದ ಕಥೆ ಇದು. ಜಿಲೆಟ್ ಕಂಪನಿ 2002ರಲ್ಲಿ ಭಾರತಕ್ಕೆ ಅಂತ ಒಂದು ರೇಜರ್ ತಂತು. ಬ್ಲೇಡಿನ ನಡುವೆ ಸಿಕ್ಕ ಕೂದಲನ್ನ ತಳ್ಳೋ ಕಡ್ಡಿ ಅದರಲ್ಲಿತ್ತು. ಪರೀಕ್ಷೆ ಮಾಡಿದ್ದು ಅಮೆರಿಕದ ಎಂಐಟಿಯಲ್ಲಿ ಓದ್ತಿದ್ದ ಭಾರತೀಯ ಹುಡುಗರ ಮೇಲೆ. ಅವರೆಲ್ಲಾ ಚೆನ್ನಾಗಿದೆ ಅಂದ್ರು. ಇಲ್ಲಿಗೆ ಬಂದ್ರೆ ಕೆಲಸವೇ ಮಾಡಲಿಲ್ಲ. ಯಾಕೆ? ಎಂಐಟಿ ಹುಡುಗರಿಗೆ ನಳದಲ್ಲಿ ನೀರು ಹರೀತಿತ್ತು. ಇಲ್ಲಿನವರು ಒಂದು ಲೋಟ ನೀರಲ್ಲಿ ಅದ್ದಿ ಅದ್ದಿ ದಾಡಿ ಮಾಡ್ಕೊಳ್ತಿದ್ರು, ಸಿಕ್ಕ ಕೂದಲು ತೊಳೆದು ಹೋಗ್ತಾನೇ ಇರಲಿಲ್ಲ. ನಮ್ಮ ಮಷೀನ್‌ನಲ್ಲಿ ಓಡ್ತು, ಗಿರಾಕಿ ಹತ್ರ ಬಿದ್ದುಹೋಯ್ತು. ದಿನಾ ಕೇಳೋ ಮಾತಲ್ವಾ! ಆಮೇಲೆ ಬುದ್ಧಿ ಬಂದು, ಇಲ್ಲಿಯ ಮನೆಗಳಿಗೇ ಹೋಗಿ ಕೂತು ನೋಡಿ, 2010ರಲ್ಲಿ ಹದಿನೈದು ರೂಪಾಯಿಯ ರೇಜರ್ ತಂದ್ರು. ಅದರಲ್ಲಿ ಎಷ್ಟು ಬ್ಲೇಡು ಗೊತ್ತಾ? ಒಂದು.

ಆ ಒಂದು ಬ್ಲೇಡಿನ ಬುದ್ಧಿ ನಮ್ಮ ಕಟಿಂಗ್ ಅಂಗಡಿಯಲ್ಲಿ ಯಾವಾಗಲೋ ಇತ್ತು. ಲಕ್ಷ್ಮೇಶ್ವರದಲ್ಲಿ ಅಜ್ಜಿ ಮನೆ ಹತ್ತಿರ ಒಬ್ಬ ಕಾಕಾ ಇದ್ದಾರೆ. ರಜೆಗೆ ಹೋದಾಗೆಲ್ಲಾ ನನಗೆ ಅವರದೇ ದಾಡಿ. ಬಿಸಿ ನೀರು ಅಂಗೈಲಿ ತಗೊಂಡು ಗಲ್ಲಕ್ಕೆ ತಟ್ಟಿ ತಟ್ಟಿ ನೆನೆಸ್ತಾರೆ. ಬ್ರಷ್ಷಿನಿಂದ ಮೂರ್ನಾಲ್ಕು ನಿಮಿಷ ನೊರೆ ಎಬ್ಬಿಸ್ತಾನೇ ಇರ್ತಾರೆ, ಮಾತಾಡ್ತಾನೇ ಇರ್ತಾರೆ. ಆ ಮಾತು ಟೈಮ್‌ಪಾಸ್ ಅಂದ್ಕೊಂಡಿದ್ದೆ. ಅಲ್ಲ, ಅಷ್ಟರಲ್ಲಿ ಕೂದಲು ನೀರು ಕುಡಿದು ಮೆತ್ತಗಾಗುತ್ತೆ! ನೆನೆದ ಕೂದಲು ಕತ್ತರಿಸೋಕೆ ಬಹಳ ಕಡಿಮೆ ಬಲ ಸಾಕು. ಆಮೇಲೆ ಹೊಸ ಬ್ಲೇಡು ನಿಮ್ಮ ಕಣ್ಣೆದುರೇ ಮುರಿದು ಅರ್ಧ ಸಿಕ್ಕಿಸ್ತಾರೆ. ಕೂದಲು ಬೆಳೆದ ದಿಕ್ಕಿಗೇ, ಸಣ್ಣ ಸಣ್ಣ ಎಳೆತ. ಕೈ ಭಾರ ಹಾಕೋದೇ ಇಲ್ಲ.

ಅಲ್ಲಿಗೆ ನಿಲ್ಲಿಸಿದ್ರೆ ಯಾರ ಮುಖವೂ ಉರಿಯಲ್ಲ. ಆದ್ರೆ ಅವರು ಕೇಳ್ತಾರೆ: "ಉಲ್ಟಾ ಹೊಡೀಲೇನ್ ತಮ್ಮಾ?" ನಾವು ಗತ್ತಿನಿಂದ "ಹೊಡೀರಿ ಕಾಕಾ" ಅಂತೀವಿ. ಆ ಎರಡನೇ ಸುತ್ತು, ಚರ್ಮ ಜಗ್ಗಿ ಹಿಡಿದು ಕೂದಲಿಗೆ ಎದುರು ಎಳೆಯೋದು, ಉರಿಯ ಮೂಲ ಅದು. ಹಿಂದಿನ ಬ್ಲೇಡಿನ ಕೆಲಸವನ್ನೇ ಕೈಯಿಂದ ಮಾಡಿಸಿಕೊಂಡ ಹಾಗಾಯ್ತು. ಬೇಡ ಅಂದ್ರೆ ಅವರಿಗೇನೂ ಬೇಜಾರಿಲ್ಲ. ನಾನು ಹೋದ ಸಲ ಬೇಡ ಅಂದೆ, "ಬೆಂಗಳೂರಾಗ ರೊಕ್ಕ ಕಡಿಮಿ ಕೊಡ್ತಾರೇನು?" ಅಂತ ನಕ್ಕರು.

ಅಂಗಡಿಯನ್ನ ಬರೀ ಹೊಗಳ್ತಿದೀನಿ ಅಂದ್ಕೊಬೇಡಿ. ಕೊನೆಗೆ ಎಲ್ಲರ ಗಲ್ಲಕ್ಕೂ ಒಂದೇ ಪಟಿಕದ ತುಂಡು ಉಜ್ಜೋದು ನನಗೆ ಹಿಡಿಸಲ್ಲ. ಪಟಿಕ ಒಳ್ಳೇದೇ, ಸಣ್ಣ ಗಾಯದ ರಕ್ತ ನಿಲ್ಲಿಸುತ್ತೆ, ಆದ್ರೆ ನನಗಿಂತ ಮುಂಚೆ ಅದು ಯಾರ ರಕ್ತ ನಿಲ್ಲಿಸಿತು? ಹೆಪಟೈಟಿಸ್ ಬಿ ಹರಡೋಕೆ ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತೆ, ನಿಮ್ಮದೇ ಒಂದು ತಗೊಂಡು ಇಟ್ಕೊಳ್ಳಿ. ಹಚ್ಚಿ ಅರ್ಧ ನಿಮಿಷಕ್ಕೆ ತೊಳೆದುಬಿಡಿ, ಇಲ್ಲದಿದ್ರೆ ಚರ್ಮ ಒಣಗುತ್ತೆ. ಇನ್ನೊಂದು, ಕಾಕಾನ ನಿಧಾನವಾದ ಕೈ ಎಲ್ಲರ ಗಲ್ಲಕ್ಕೂ ಸಿಗಲ್ಲ. ಉತ್ತರ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ಮಾಡಲ್ಲ ಅಂತ ಅಂಗಡಿಗೇ ಬೀಗ ಹಾಕಿದ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತೆ. ಅದರ ಬಗ್ಗೆ ಬೇರೆಯೇ ಬರೀಬೇಕು, ಬರೀತೀನಿ.

ಮನೇಲಿ ಮಾಡ್ಕೊಳ್ಳೋರಿಗೆ ಹೆಚ್ಚೇನಿಲ್ಲ. ಸ್ನಾನ ಆದ ಮೇಲೆ ದಾಡಿ, ಮುಂಚೆ ಅಲ್ಲ. ಎರಡು ದಿನದ ಗಡ್ಡದ ಮೇಲೆ ಕೈ ಆಡಿಸಿ, ಯಾವ ಕಡೆ ನುಣ್ಣಗೆ ಹೋಗುತ್ತೋ ಅದೇ ಕೂದಲಿನ ದಿಕ್ಕು. ಕುತ್ತಿಗೆಯಲ್ಲಿ ಅದು ಅಡ್ಡಡ್ಡ, ಕೆಲವರಿಗೆ ಕೆಳಗಿಂದ ಮೇಲಕ್ಕೂ ಇರುತ್ತೆ, ನಾವು ಕುರುಡರ ಹಾಗೆ ಎಲ್ಲಾ ಕಡೆ ಒಂದೇ ಥರ ಎಳೀತೀವಿ. ಒಂದೇ ಸುತ್ತು. ಬ್ಲೇಡು ಐದಾರು ದಾಡಿಗೆ ಬದಲಿಸಿ. ಆಮೇಲೆ ತಣ್ಣೀರು, ಒರೆಸೋದಲ್ಲ ಒತ್ತೋದು, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಚೂರು. ಸ್ಪಿರಿಟ್ ಇರೋ ಲೋಷನ್ ಬೇಡವೇ ಬೇಡ, ಗಾಯಕ್ಕೆ ಸಾರಾಯಿ ಹೊಯ್ದ ಹಾಗೆ. ಉರಿ ಶುರುವಾಗಿದ್ರೆ ತಣ್ಣನೆ ಒದ್ದೆ ಬಟ್ಟೆ, ನಾಲ್ಕು ದಿನ ಬ್ಲೇಡಿಗೆ ರಜೆ. ಆಫೀಸಿನಲ್ಲಿ ಅಷ್ಟೊಂದು ಗಡ್ಡ ಬೇಡ ಅಂದ್ರೆ ಟ್ರಿಮ್ಮರಿನಲ್ಲಿ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಕೆಜಿಎಫ್ ಬಂದ ಮೇಲೆ ಯಾವ ಮ್ಯಾನೇಜರ್ ಗಡ್ಡದ ಬಗ್ಗೆ ಮಾತಾಡ್ತಾನೆ? ಕೀವು ತುಂಬಿದ್ರೆ, ಜ್ವರ ಬಂದ್ರೆ, ಹದಿನೈದು ದಿನ ಆದ್ರೂ ಇಳೀದಿದ್ರೆ ಡಾಕ್ಟರ್. ಚರ್ಮದ ಡಾಕ್ಟರ್.

ಬಿಡುವಿನ ಮಾತು ಬಂತು ಅಂತ ನೆನಪಾಯ್ತು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಶ್ರಾವಣ ಪೂರ್ತಿ ದಾಡಿ ಮುಟ್ಟಲ್ಲ. ನಾನು ಇಂಜಿನಿಯರಿಂಗ್ ಸೇರಿದ ಹೊಸದರಲ್ಲಿ ಇದೆಲ್ಲಾ ಮೂಢನಂಬಿಕೆ ಅಂತ ವಾದ ಮಾಡಿ ಶ್ರಾವಣದಲ್ಲೇ ನುಣ್ಣಗೆ ಬೋಳಿಸಿಕೊಂಡು ಅಪ್ಪನ ಎದುರು ನಿಂತವನು. ಒಳಗೆ ಬಾಗಿದ ಕೂದಲಿಗೆ ಡಾಕ್ಟರು ಮೊದಲು ಹೇಳೋ ಮಾತು ಏನು ಗೊತ್ತಾ? ಮೂರ್ನಾಲ್ಕು ವಾರ ಗಡ್ಡ ಬಿಡಿ, ಕೂದಲು ಉದ್ದ ಬೆಳೆದು ತಾನೇ ಹೊರಗೆ ಬರುತ್ತೆ. ದೇವರ ಲೆಕ್ಕ ನನಗೆ ಗೊತ್ತಿಲ್ಲ, ಆದ್ರೆ ಅಪ್ಪನ ಕುತ್ತಿಗೆ ಮೇಲೆ ಒಂದು ಗುಳ್ಳೆ ನೋಡಿದ ನೆನಪಿಲ್ಲ.

ಕಾಕಾನ ಮಗನನ್ನ ಗದಗಿನ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರ್ಕೊಂಡು ಹೋದೆ. ಒಂದೇ ಸಲಕ್ಕೆ ನಿಲ್ಲಿಸಿದ್ರೆ ಉರಿ ತಡ್ಕೊಳ್ಳೋಕೆ ಆಗಲ್ಲ, ಹಂತ ಹಂತವಾಗಿ ಬಿಡಿಸ್ತೀವಿ, ತಿಂಗಳುಗಟ್ಟಲೆ ಹಿಡಿಯುತ್ತೆ ಅಂದ್ರು. ಬಿಸಿಲಿಗೆ ಹೋಗ್ಬೇಡ, ದಾಡಿ ಸದ್ಯಕ್ಕೆ ಬೇಡ ಅಂತಲೂ ಹೇಳಿದ್ರು. ಹೊರಗೆ ಬಂದವನೇ ಕೇಳಿದ: "ಅಣ್ಣಾ, ಮದುವಿ ಒಳಗ ಕಡಿಮಿ ಆಕ್ಕೈತಿಲ್ಲ?" ಮದುವೆ ಇರೋದು ದೀಪಾವಳಿ ಆದ ಮೇಲೆ. ಆಗುತ್ತೆ ಅಂತ ಹೇಳಿದೆ. ಡಾಕ್ಟರು ಹಾಗೆ ಹೇಳಿರಲಿಲ್ಲ.

ನಿನ್ನೆ ರಾತ್ರಿ ಫೋನ್ ಮಾಡಿದ್ದ. ಉರಿ ಇದೆಯಂತೆ, ನಿದ್ದೆ ಬರ್ತಿಲ್ಲವಂತೆ, ಆದ್ರೂ ಆ ಟ್ಯೂಬ್ ಮುಟ್ಟಿಲ್ಲವಂತೆ. "ಶ್ರಾವಣ ಬಂತಲ್ಲಣ್ಣ, ಗಡ್ಡ ಯಾಕ ಬಿಟ್ಟಿ ಅಂತ ಯಾರೂ ಕೇಳಂಗಿಲ್ಲ ಈಗ" ಅಂದ.